ಚೀಲ ಎದ್ದು ನೋಡುವುದಿಲ್ಲ

ಅಲೆ ಸಾಲುತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಸರೋವರದಲ್ಲಿ ಮೋಟಾರು ದೋಣಿ ಓಡಿಸುವ ಅವನನ್ನು ದಡದವರೆಲ್ಲ ಕ್ಯಾಪ್ಟನ್ ಎನ್ನುತ್ತಿದ್ದರು. ಅವನ ದೋಣಿಯ ಹಿಂದೆ ಹಗ್ಗ ಹಿಡಿದು ಕೆಲವರು ಸ್ಕೀ ಮೇಲೆ ಜಾರುತ್ತಿದ್ದರು, ಕೆಲವರು ವೇಕ್‌ಬೋರ್ಡ್ ಎಂಬ ಹಲಗೆಯ ಮೇಲೆ. ಈಚೆಗೆ ಬಂದದ್ದು ವೇಕ್ ಸರ್ಫಿಂಗ್. ಇದರಲ್ಲಿ ಹಗ್ಗವನ್ನೂ ಬಿಟ್ಟು, ದೋಣಿ ಎಬ್ಬಿಸಿದ ಅಲೆಯ ಮೇಲೇ ಸವಾರಿ. ಅಲೆ ದೊಡ್ಡದಾಗಬೇಕಾದರೆ ದೋಣಿಯ ಹಿಂಭಾಗ ಭಾರವಾಗಿರಬೇಕು. ಆ ಭಾರಕ್ಕೆಂದೇ ನೀರು ತುಂಬುವ ಚೀಲಗಳಿರುತ್ತವೆ. ಬ್ಯಾಲಸ್ಟ್ ಎನ್ನುತ್ತಾರೆ.

"ಅಲೆ ಮೊಣಕಾಲಿಗೂ ಬರ್ತಿಲ್ಲ ಕ್ಯಾಪ್ಟನ್," ಎಂದಳು ಸರ್ಫಿಂಗ್ ಕಲಿಸುವ ಟೀಚರ್. "ಭಾನುವಾರದೊಳಗೆ ಸರಿಯಾಗದಿದ್ರೆ ನನ್ನ ಶಿಷ್ಯರನ್ನೆಲ್ಲ ಆಚೆ ದಡಕ್ಕೆ ಕರ್ಕೊಂಡು ಹೋಗ್ತೀನಿ."

ಆ ಶಿಷ್ಯರು ಹೋದರೆ ದೋಣಿ ದಡದಲ್ಲೇ ಒಣಗಬೇಕು. ಕ್ಯಾಪ್ಟನ್ ಚೀಲಗಳನ್ನೆಲ್ಲ ಕುತ್ತಿಗೆವರೆಗೆ ತುಂಬಿಸಿದ. ಮನಸ್ಸು ತುಂಬಲಿಲ್ಲ. ಅದೇ ಹೊತ್ತಿಗೆ ಮನೆಗೆ ಅತ್ತೆ, ಮಾವ, ಮೂವರು ಭಾವಮೈದುನರು ಬಂದಿದ್ದರು. ಐವರೂ ಉಂಡು ಬೆಳೆದ ಮೈಯವರು. ಅವರನ್ನು ನೋಡಿದ್ದೇ ಅವನ ಕಣ್ಣಿಗೆ ಅಲೆ ಕಂಡಿತು.

"ಬನ್ನಿ ಅತ್ತೆ, ದೋಣೀಲಿ ಒಂದು ಸುತ್ತು ಹೋಗಿಬರೋಣ."

ಮದುವೆಯಾದಾಗಿನಿಂದ ಅಳಿಯ ಹೀಗೆ ಕರೆದದ್ದು ಇದೇ ಮೊದಲು. ಅತ್ತೆ ಹೊಸ ಚಪ್ಪಲಿ ಮೆಟ್ಟಿ ಬಂದರು.

ಕ್ಯಾಪ್ಟನ್‌ನ ತಂಗಿ ಅದೇ ದಡದಲ್ಲಿ ರಕ್ಷಣಾ ದೋಣಿಯ ಕೆಲಸದವಳು. ಅಡ್ಡ ನಿಂತಳು.

"ಅಣ್ಣಾ, ಸ್ಟಿಯರಿಂಗ್ ಪಕ್ಕ ಇರೋ ಫಲಕ ಓದಿದ್ದೀಯಾ? ಈ ದೋಣಿ ಎಷ್ಟು ತೂಕ ಹೊರುತ್ತೆ ಅಂತ ಬರೆದಿದೆ."

"ಅದು ಹೆದರಿಸೋಕೆ ಬರೆದಿರೋದು."

"ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ. ಚೀಲ ತುಂಬಿದೆ ಅಂದ್ರೆ ನಿಮ್ಮತ್ತೆಯಂಥ ಆರು ಜನ ಆಗಲೇ ಹತ್ತಿ ಕೂತ ಹಾಗೆ."

"ಅಂಥ ಆರು ಜನ ಇದ್ದಿದ್ರೆ ನಾನೇ ನೀರಿಗೆ ಹಾರ್ತಿದ್ದೆ," ಎಂದು ಅವನು ಪಿಸುಗುಟ್ಟಿದ. "ನೀರಲ್ಲಿ ನೀರಿಗೆಂಥ ತೂಕ? ಸರಿ ಆಕಡೆ."

ತಂಗಿ ಎಲ್ಲರಿಗೂ ಲೈಫ್ ಜಾಕೆಟ್ ಬಿಗಿದಳು. ಬಿಗಿದ ಮೇಲೆ ತನ್ನ ದೋಣಿಯ ಎಂಜಿನ್ನನ್ನೂ ಸದ್ದಿಲ್ಲದೆ ಚಾಲೂ ಮಾಡಿಟ್ಟಳು.

ಅಲೆ ಎದ್ದಿತು. ದೋಣಿಯ ಹಿಂದೆ ಹಲಗೆಯ ಮೇಲೆ ನಿಂತಿದ್ದ ಟೀಚರ್ ಹಗ್ಗ ಬಿಟ್ಟಳು. ಕ್ಯಾಪ್ಟನ್ ಮೀಸೆ ತಿರುವಿದ. ಅಷ್ಟರಲ್ಲಿ ಟೀಚರ್ ಬಿದ್ದಳು.

"ಅಯ್ಯೋ, ಹುಡುಗಿ ಬಿತ್ತು," ಎಂದು ಅತ್ತೆ ಎದ್ದರು. ಎಲ್ಲಿ ಎಂದು ಮಾವ ಎದ್ದರು. ಭಾವಮೈದುನರು ಕೇಳಲೂ ಇಲ್ಲ, ಎದ್ದರು. ಐವರೂ ಒಂದೇ ಅಂಚಿಗೆ ಬಂದು ಬಗ್ಗಿದರು. ಗಾಬರಿಯಲ್ಲಿ ಕ್ಯಾಪ್ಟನ್ ದೋಣಿಯನ್ನು ತಟ್ಟನೆ ನಿಲ್ಲಿಸಿದ. ದೋಣಿ ನಿಂತಿತು, ಅದು ಎಬ್ಬಿಸಿದ ಅಲೆ ನಿಲ್ಲಲಿಲ್ಲ. ಹಿಂದಿನಿಂದ ಬಂದು, ಬಾಗಿದ ಅಂಚು ಹತ್ತಿ, ಕರೆಯದ ನೆಂಟನ ಹಾಗೆ ಒಳಗೆ ಕೂತಿತು. ನೀರು ಮೊಣಕಾಲಿಗೆ ಬಂತು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಅತ್ತೆಯ ಹೊಸ ಚಪ್ಪಲಿ ಒಂದೊಂದೂ ಒಂದೊಂದು ದಿಕ್ಕಿಗೆ ತೇಲಿಹೋಯಿತು.

"ಕ್ಯಾಪ್ಟನ್," ಎಂದಳು ಟೀಚರ್ ನೀರಿನಲ್ಲಿ ತೇಲುತ್ತಲೇ, "ಈಗ ಅಲೆ ದೋಣಿಯೊಳಗೇ ಇದೆ."

ಅವನಿಗೆ ನಗು ಬರಲಿಲ್ಲ. ಅತ್ತೆಗೆ ಈಜು ಬರುವುದಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

"ಎಲ್ಲರೂ ನಡುವೆ ಕೂತ್ಕೊಳ್ಳಿ, ಯಾರೂ ಏಳಬೇಡಿ," ಎನ್ನುತ್ತ ತಂಗಿ ತನ್ನ ದೋಣಿಯನ್ನು ಪಕ್ಕಕ್ಕೆ ತಂದಳು. ಮೊದಲು ಟೀಚರನ್ನು ಎತ್ತಿಕೊಂಡಳು, ಆಮೇಲೆ ಒಬ್ಬೊಬ್ಬರನ್ನೇ ದಾಟಿಸಿದಳು. ಪಂಪು ಹಾಕಿಸಿ ಚೀಲ ಖಾಲಿ ಮಾಡಿಸಿದಳು. ದೋಣಿ ಮೆಲ್ಲಗೆ ಮೇಲೆದ್ದಿತು.

ದಡದಲ್ಲಿ ಟವೆಲ್ ಹೊದ್ದು ಕೂತ ಅತ್ತೆ ಅಳಿಯನ ಕಡೆ ತಿರುಗಿದರು.

"ಅಳಿಯಂದಿರೇ, ನನ್ನನ್ನ ಕರೆದದ್ದು ಸುತ್ತಾಡಿಸೋಕಾ, ತೂಕಕ್ಕಾ?"

ಅವನು ಹೆಬ್ಬೆರಳು ನೋಡಿಕೊಂಡ. "ತೂಕಕ್ಕೆ, ಅತ್ತೆ. ತಪ್ಪಾಯ್ತು."

"ತೂಕಕ್ಕೆ ಚೀಲವೇ ವಾಸಿ, ಅಮ್ಮಾ," ಎಂದಳು ತಂಗಿ. "ಯಾರಾದ್ರೂ ಬಿದ್ರೆ ಚೀಲ ಎದ್ದು ನೋಡಲ್ಲ."

"ನಾನು ನೋಡ್ತೀನಿ. ಸುಳ್ಳು ಯಾಕೆ ಹೇಳ್ಲಿ?"

"ಹಾಗಿದ್ರೆ ಅದನ್ನೇ ಕೆಲಸ ಮಾಡ್ಕೊಳ್ಳಿ. ಓಡಿಸೋನು ಮುಂದೆ ನೋಡ್ಬೇಕು. ಹಿಂದೆ ನೋಡೋಕೆ ಒಬ್ರು ಬೇಕೇ ಬೇಕು. ಕೂತು ನೋಡ್ಬೇಕು, ಅಷ್ಟೇ." ಆಮೇಲೆ ಅಣ್ಣನ ಕಡೆ ತಿರುಗಿದಳು. "ಭಾರ ಎಷ್ಟು ಅನ್ನೋದಷ್ಟೇ ಅಲ್ಲ, ಎಲ್ಲಿ ಅನ್ನೋದೂ ಮುಖ್ಯ. ನೀನು ಎರಡೂ ಬದಿ ಸಮ ತುಂಬ್ತಿದ್ದೆ. ಅದು ವೇಕ್‌ಬೋರ್ಡಿಗೆ ಸರಿ. ಸರ್ಫಿಂಗಿಗೆ ಹಿಂದೆ, ಸವಾರ ಇರೋ ಬದಿಗೆ ಹೆಚ್ಚು ಬೇಕು. ಸ್ಕೀಗೆ ಅಲೆಯೇ ಬೇಡ, ಚೀಲ ಖಾಲಿ ಇರ್ಲಿ. ಯಾವ ಆಟವಾದ್ರೂ ನೀರು, ಜನ, ಸಾಮಾನು ಎಲ್ಲ ಸೇರಿ ಫಲಕದ ತೂಕ ಮೀರಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು."

ಭಾನುವಾರ ಹಿಂದೆ, ಸವಾರರ ಬದಿಯ ಚೀಲ ಹೆಚ್ಚು ತುಂಬಿತ್ತು, ದೋಣಿಯಲ್ಲಿ ಕ್ಯಾಪ್ಟನ್, ಅತ್ತೆ ಇಬ್ಬರೇ. ಅಲೆ ಟೀಚರ್ ಸೊಂಟಕ್ಕೆ ಬಂತು. ಅವಳು ಬಿದ್ದಾಗ ಅತ್ತೆ ಕೂತಲ್ಲಿಂದಲೇ ಕೈಯೆತ್ತಿ ಹೇಳಿದರು: "ಬಿದ್ದಳು. ನಿಧಾನಕ್ಕೆ ತಿರುಗಿಸಿ, ತಟ್ಟನೆ ನಿಲ್ಲಿಸಬೇಡಿ." ಶಿಷ್ಯರು ಸರದಿ ಕಾಯುತ್ತ ದಡದಲ್ಲೇ ಕೂತರು. ಆಚೆ ದಡಕ್ಕೆ ಯಾರೂ ಹೋಗಲಿಲ್ಲ. ಮಾವ ಹತ್ತಲು ಬಂದರೆ ಅತ್ತೆ ಕಾಲು ಅಡ್ಡ ಹಾಕಿದರು. "ನೀವು ಹತ್ತೋದಾದ್ರೆ ಮೊದಲು ಚೀಲ ಖಾಲಿ ಮಾಡಿಸ್ತೀನಿ."

ದೋಣಿ ಇಟ್ಟುಕೊಂಡವರೇ, ದೋಣಿ ಹತ್ತುವವರೇ, ನಿಮ್ಮ ದೋಣಿಯಲ್ಲೂ ಒಂದು ಫಲಕ ಇರುತ್ತದೆ. ಚೀಲ ತುಂಬುವ ಮೊದಲು ಅದನ್ನು ಓದಿ. ಜನರ ಜೊತೆ ನೀರನ್ನೂ ತೂಕಕ್ಕೆ ಸೇರಿಸಿ. ಜಾಕೆಟ್ ತೊಡಿ. ಆಟ ಮುಗಿದ ಮೇಲೆ ಚೀಲದ ನೀರನ್ನು ಅದೇ ಸರೋವರಕ್ಕೆ ಬಿಟ್ಟು ಹೊರಡಿ, ಇಲ್ಲಿಯ ಕಳೆ, ಹುಳು ಇನ್ನೊಂದು ಸರೋವರಕ್ಕೆ ಹೋಗಬಾರದು. ಅಲೆ ಎಷ್ಟಾದರೂ ಏಳಲಿ, ದೋಣಿಯ ಹಿಂದೆ ಏಳಲಿ.