ನೋಂದಾಯಿತ ನಂಬರು

"ಮೇಡಂ, ನಿಮ್ಮ ನೋಂದಾಯಿತ ನಂಬರಿಗೆ ಒಟಿಪಿ ಬಂದಿದೆ, ಸ್ವಲ್ಪ ಹೇಳ್ತೀರಾ?"

ಹೊಲಿಗೆ ಯಂತ್ರದ ಮೇಲೆ ಮೊಣಕೈ ಊರಿ ಕುಳಿತಿದ್ದ ಟೈಲರಮ್ಮನಿಗೆ ಫೋನಿನಾಚೆಯ ಕಸ್ಟಮರ್ ಕೇರ್ ಹುಡುಗಿಯ ಮೃದು ದನಿ ಕೇಳಿ ಅಳುವೇ ಬಂತು. ಆ ನಂಬರು ಗಂಡನದು. ಅವನ ಹೊಡೆತ ತಾಳಲಾರದೆ ಮಗಳನ್ನು ಕಟ್ಟಿಕೊಂಡು ಈ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ತವರಿಗೂ ವಿಳಾಸ ತಿಳಿಸಿರಲಿಲ್ಲ. ಸಿಮ್ ಬದಲಿಸಿದ್ದಳು, ಹೆಸರು ಕೇಳಿದವರಿಗೆ "ಟೈಲರಮ್ಮ ಅನ್ನಿ, ಸಾಕು" ಎಂದಿದ್ದಳು. ಇಷ್ಟೆಲ್ಲ ಜಾಣತನ ಮಾಡಿದವಳು ನಿನ್ನೆ ಮಗಳಿಗೆ ಶೂ ತರಿಸುವಾಗ ಎಡವಿದ್ದಳು. ಫೋನಿನಲ್ಲಿ ತೆರೆದೇ ಇದ್ದ, ಗಂಡನ ನಂಬರಿನ ಹಳೆಯ ಆನ್‌ಲೈನ್ ಶಾಪಿಂಗ್ ಖಾತೆಯಲ್ಲೇ ಹೊಸ ವಿಳಾಸ ತುಂಬಿದ್ದಳು. ಔಷಧಿ ಅಂಗಡಿಯ ಮೇಲೆ, ಎರಡನೇ ಮಹಡಿ, ನೀಲಿ ಬಾಗಿಲು. ಕೊರಿಯರಿನವನು ದಾರಿ ತಪ್ಪಬಾರದೆಂದು ಬಾಗಿಲಿನ ಬಣ್ಣವನ್ನೂ ಬರೆದಿದ್ದಳು, ಪುಣ್ಯಾತ್ಗಿತ್ತಿ!

ಬೆಳಿಗ್ಗೆ ತಪ್ಪು ಹೊಳೆದ ಕೂಡಲೇ ವಿಳಾಸ ಅಳಿಸಲು ತಾನೇ ಮೂರು ಸಲ ಒತ್ತಿದ್ದಳು. ಮೂರು ಸಲವೂ ಒಟಿಪಿ ಅವನ ಫೋನಿಗೇ ಹೋಗಿತ್ತು. ಇದು ನಾಲ್ಕನೆಯದು.

"ಆ ನಂಬರು ನನ್ ಹತ್ರ ಇಲ್ಲ ಕಣಮ್ಮ. ಆ ಅಡ್ರೆಸ್ ಒಂದನ್ನ ಅಳಿಸಿಬಿಡು. ಶೂನೂ ಬೇಡ, ದುಡ್ಡೂ ಬೇಡ."

"ಒಟಿಪಿ ಇಲ್ದೆ ಆಗಲ್ಲ ಮೇಡಂ. ನಿಮ್ಮ ಮಾಹಿತಿನ ಬೇರೆಯವ್ರು ಮುಟ್ಟಬಾರ್ದು ಅಂತಾನೇ ಈ ವ್ಯವಸ್ಥೆ."

"ಬೇರೆಯವ್ರು ಯಾರು? ಮನೆ ನಂದು, ಜೀವ ನಂದು!"

"ಖಾತೆ ಯಾರ ನಂಬರಲ್ಲಿದ್ಯೋ ಅವ್ರದ್ದೇ ಮೇಡಂ." ಹುಡುಗಿ ದನಿ ತಗ್ಗಿಸಿದಳು. "ನನ್ ಕೈಲಿ ಏನೂ ಇಲ್ಲ ಅಕ್ಕಾ. ದೂರು ಬರ್ಕೋತೀನಿ. ಹದಿನೈದು ದಿನದಲ್ಲಿ ಉತ್ತರ ಬರುತ್ತೆ."

"ಎಲ್ಲಿಗೆ ಬರುತ್ತೆ?"

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ನೋಂದಾಯಿತ ನಂಬರಿಗೆ."

ಕಳ್ಳನ ಕೈಗೆ ಕೀಲಿಕೈ ಕೊಟ್ಟು ಬಾಗಿಲು ಭದ್ರ ಎನ್ನುವ ಜನ! ಟೈಲರಮ್ಮ ಫೋನು ಇಟ್ಟಳು. ಗಂಡನಿಗೆ ಮೆಸೇಜು ಓದುವ ಅಭ್ಯಾಸವಿಲ್ಲ, ಜಾಹೀರಾತೆಂದು ಬಿಟ್ಟಿರಬಹುದು ಎಂದು ಮನಸ್ಸು ಸಮಾಧಾನ ಹೇಳಿತು. ಆದರೆ ಒಂದೇ ಬೆಳಿಗ್ಗೆ ನಾಲ್ಕು ಸಲ ಬಡಿದರೆ ಕುಂಭಕರ್ಣನೂ ಎದ್ದಾನು. ಮತ್ತೆ ಆರ್ಡರ್ ತೆರೆದಳು.

ಪಡೆಯುವವರು ಎಂಬಲ್ಲಿ ಅವಳ ಹೆಸರು ಹೋಗಿ ಗಂಡನ ಹೆಸರು ಬಂದಿತ್ತು. ವಿಳಾಸ ಮಾತ್ರ ಹಾಗೇ ಇತ್ತು, ನೀಲಿ ಬಾಗಿಲಿನ ಸಮೇತ.

ಎದ್ದು ಚೀಲ ತೆಗೆದಳು. ಬಟ್ಟೆ, ಕತ್ತರಿ, ಮಗಳ ಪುಸ್ತಕ. ಯಂತ್ರವನ್ನು ಹೊರುವ ಹಾಗಿರಲಿಲ್ಲ. ಅದರ ಕಂತು ಮೊನ್ನೆಯಷ್ಟೇ ಮುಗಿದಿತ್ತು.

"ಶೂ ನಾಳೆ ಬರುತ್ತಲ್ಲಮ್ಮ," ಎಂದಳು ಮಗಳು. "ಹಾಕ್ಕೊಂಡೇ ಹೋಗೋಣ."

"ಮಾತಾಡ್ಬೇಡ. ಜಡೆ ಕಟ್ಕೋ."

ಗಿರಾಕಿಗಳ ಬಟ್ಟೆಯನ್ನೆಲ್ಲ ಮಡಚಿ, ಒಂದೊಂದಕ್ಕೂ ಹೆಸರಿನ ಚೀಟಿ ಚುಚ್ಚಿ, ಔಷಧಿ ಅಂಗಡಿಯವನ ವಶಕ್ಕೆ ಕೊಟ್ಟು ಬಂದಳು. ಕೊನೆಗೆ ಬಾಗಿಲಿಗೆ ಅಂಟಿಸಲು ಒಂದು ರಟ್ಟು ಹುಡುಕಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ ದಪ್ಪಗೆ ಬರೆಯತೊಡಗಿದಳು.

ಹೊಲಿಗೆ ಅಂಗಡಿ ಇಲ್ಲಿಂದ ಸ್ಥಳಾಂತರಗೊಂಡಿದೆ. ಹೊಸ ವಿಳಾಸ:

ಸೀಮೆಸುಣ್ಣ ಅಲ್ಲಿಗೇ ನಿಂತಿತು.