ಜೇನುಪೆಟ್ಟಿಗೆಯ ಸೀತಾರಾಮಪ್ಪ

ಸೀತಾರಾಮಪ್ಪ ನಡೆಯುವಾಗ ಕೈ ಬೀಸುತ್ತಿರಲಿಲ್ಲ. ತೋಳುಗಳೆರಡನ್ನೂ ಮೈಗೆ ಅಂಟಿಸಿಕೊಂಡು, ಭುಜ ಅಲುಗದಂತೆ ಅವರು ಹೊಸನಗರದ ಬಸ್ ನಿಲ್ದಾಣದಲ್ಲಿ ಹಾದುಹೋಗುತ್ತಿದ್ದರೆ ಹೊಸಬರು ತಿರುಗಿ ನೋಡುತ್ತಿದ್ದರು. ಆಯುಷ್ಯದ ಬಹುಭಾಗ ಜೇನು ಸಾಕಿದ ದೇಹ ಅದು. ಥಟ್ಟನೆ ಬೀಸಿದ ಕೈಯನ್ನು ಜೇನುಹುಳ ಕ್ಷಮಿಸುವುದಿಲ್ಲ. ಮಾತೂ ಅಷ್ಟೇ ಮೆಲ್ಲಗೆ, ‘ನೋಡಾನ’ ಎಂಬ ಪೀಠಿಕೆಯಿಲ್ಲದೆ ಹೊರಡುತ್ತಿರಲಿಲ್ಲ. ಕಡುಬೇಸಿಗೆಯಲ್ಲೂ ಕಳಚದ ಖಾಕಿ ಕೋಟಿನಿಂದ ಮೇಣದ, ಹೊಗೆಯ ಮಿಶ್ರಗಂಧ ಹೊಮ್ಮುತ್ತಿತ್ತು.

ಸಾಗರದಲ್ಲಿ ಪಾಠ ಹೇಳಿಕೊಂಡಿರುವ ನಾನು ಅವರ ಜೇನುತುಪ್ಪದ ಗಿರಾಕಿ, ಕ್ರಮೇಣ ಸ್ನೇಹಿತನಾದೆ. ಹೂವಿನ ಕಾಲವನ್ನು ಅನುಸರಿಸಿ ಪೆಟ್ಟಿಗೆಗಳನ್ನು ಊರಿಂದೂರಿಗೆ ಒಯ್ಯಲು ಅವರು ಸಾಲ ಮಾಡಿ ಗೂಡ್ಸ್ ಆಟೊ ಕೊಂಡಿದ್ದರು. ಒಂದು ಮಳೆಗಾಲದಲ್ಲಿ ರೋಗ ತಗುಲಿ ಅರ್ಧದಷ್ಟು ಜೇನು ಕುಟುಂಬಗಳು ಅಳಿದವು, ಕಂತು ತಪ್ಪಿತು. ಕಳೆದ ಮಾರ್ಚಿನಲ್ಲಿ, ಉಳಿದ ಪೆಟ್ಟಿಗೆಗಳ ಬಾಯಿ ಮುಚ್ಚಿ ಸಾಗರದ ಕಡೆಗೆ ಬರುತ್ತಿದ್ದಾಗ, ಸೂರ್ಯ ಹುಟ್ಟುವ ಹೊತ್ತಿಗೆ, ಫೈನಾನ್ಸಿನವರು ಬೈಕು ಅಡ್ಡ ನಿಲ್ಲಿಸಿ ಗಾಡಿಯನ್ನು ಪೆಟ್ಟಿಗೆಗಳ ಸಮೇತ ಸಾಗರದ ತಮ್ಮ ಯಾರ್ಡಿಗೆ ಒಯ್ದರು. ಬಸ್ಸು ಹಿಡಿದು ಹಿಂದೆಯೇ ಬಂದ ಸೀತಾರಾಮಪ್ಪ ನನಗೆ ಫೋನು ಮಾಡಿದರು: “ನೋಡಾನ, ಯಾರ್ಡಿನ ಹತ್ರ ಬರ್ತೀರಾ ಸಾರ್? ಹುಳ ಒಳಗೇ ಇದಾವೆ.”

ನಾನು ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಜಪ್ತಿಯಾದ ವಾಹನಗಳ ಸಾಲಿನಲ್ಲಿ ಅವರ ಆಟೊ ನೆರಳಿಲ್ಲದೆ ನಿಂತಿತ್ತು. ಗೇಟಿನೊಳಗೆ ಕಾವಲಿನ ಪೂರ್ಣೇಶ್, ಆಫೀಸಿನ ಪತ್ರವಿಲ್ಲದೆ ಬೀಗ ತೆಗೆಯುವುದಿಲ್ಲವೆಂದು ಹಟ ಹಿಡಿದಿದ್ದ.

“ಗಾಡಿ ನಿಮ್ಮತ್ರನೇ ಇರ್ಲಿ ಮಾರಾಯ್ರೆ. ಪೆಟ್ಟಿಗೆ ಬಾಯಿ ಮಾತ್ರ ತೆಗೀತೀನಿ. ಉಸ್ರು ಕಟ್ಟಿ ಸಾಯ್ತವೆ.”

“ನಂಗೆ ಕಚ್ಚಿದ್ರೆ?”

“ನೀವು ರೂಮಿನಾಗೆ ಕೂತ್ಕಳಿ. ಅದಕ್ಕೂ ಮುಂಚೆ ಒಂದ್ಸಲ ಪೆಟ್ಟಿಗೆ ಮೇಲೆ ಕೈ ಇಟ್ಟು ನೋಡಿ.”

ಪೂರ್ಣೇಶ್ ಅಳುಕುತ್ತಲೇ ಹೋಗಿ ಕೈಯಿಟ್ಟ. ಒಳಗಿನ ಆರ್ತ ಮೊರೆತ ಅಂಗೈಗೆ ತಾಗಿತೋ, ಕಾದ ಹಲಗೆ ಸುಟ್ಟಿತೋ, ಮರಳಿ ಬಂದವನು ಗೇಟಿನ ಬೀಗ ತೆಗೆದ. ತಾನೇ ಕೊಡದಲ್ಲಿ ನೀರು ತಂದಿಟ್ಟ. ಸೀತಾರಾಮಪ್ಪ ಕೋಟು ಕಳಚಿ, ನೀರಲ್ಲಿ ಅದ್ದಿ, ಪೆಟ್ಟಿಗೆಗಳ ಮೇಲೆ ಹೊದಿಸಿ, ಒಂದೊಂದೇ ಬಾಯಿ ತೆರೆದರು. ಹುಳಗಳು ದಿಕ್ಕುಗಾಣದೆ ಹೊರಚೆಲ್ಲಿದವು. ಎರಡು ಪೆಟ್ಟಿಗೆಗಳಿಂದ ಏನೂ ಹೊರಬರಲಿಲ್ಲ. ಅವುಗಳಿಗೆ ಕಿವಿಗೊಟ್ಟು ಬಹಳ ಹೊತ್ತು ಬಾಗಿ ನಿಂತಿದ್ದವರು, “ಮೇಣ ಕರಗಿ ಹುಳ ಸತ್ತು ಹೋಗ್ಯಾವೆ” ಎಂದಷ್ಟೇ ಹೇಳಿ, ಕೆನ್ನೆಗಂಟಿದ ಮೇಣವನ್ನು ಒರೆಸಿಕೊಳ್ಳದೆ ಪಕ್ಕದ ಪೆಟ್ಟಿಗೆಗೆ ಹೋದರು. ಸಂಜೆ ಹುಳಗಳೆಲ್ಲ ಗೂಡಿಗೆ ಮರಳುವವರೆಗೆ ಅಲ್ಲೇ ಕಾದು, ಪೆಟ್ಟಿಗೆಗಳನ್ನು ಬೇರೆಯವರ ಗಾಡಿಯಲ್ಲಿ ಊರಿಗೆ ಒಯ್ದರು. ಪೂರ್ಣೇಶ್ ತಡೆಯಲಿಲ್ಲ.

ಗಾಡಿ ಬಿಡಿಸಿಕೊಳ್ಳುವ ದಾರಿ ಒಂದೇ ಇತ್ತು. ಅದನ್ನು ಹೇಳಿದವರು ಹೆಂಡತಿ ದುಗ್ಗಮ್ಮ: “ಹುಳ ಕೊಡಾನ. ಗಾಡಿ ಇದ್ರೆ ಬಾಡಿಗೆಗಾದ್ರೂ ಓಡುಸ್ಬೋದು.” ಸೀತಾರಾಮಪ್ಪ ಮರುದಿನ ಪೆಟ್ಟಿಗೆ ಕೊಳ್ಳುವಂತೆ ತೀರ್ಥಹಳ್ಳಿಯ ತೋಟಗಾರ ಸುಂದರೇಶರಿಗೆ ಹೇಳಿಕಳಿಸಿದರು. ಸುಂದರೇಶರು ಮುಂಗಡವಾಗಿಯೇ ಹಣ ಕೊಟ್ಟರು. ಬಾಕಿ ತೀರಿತು, ಗಾಡಿ ಬಂತು. ಬಿಡುಗಡೆಯಾದ ಗಾಡಿಯ ಮೊದಲ ಪ್ರಯಾಣವೇ ಮಾರಿದ ಪೆಟ್ಟಿಗೆಗಳನ್ನು ತಲುಪಿಸುವುದು. ಜೊತೆಗೆ ನಾನೂ ಇದ್ದೆ. ದಾರಿಯುದ್ದಕ್ಕೂ ಪ್ರತಿ ಹೊಂಡದಲ್ಲೂ ಅವರು ಗಾಡಿಯನ್ನು ಕೂಸಿನಂತೆ ಇಳಿಸಿ ಹತ್ತಿಸಿದರು. ಪೆಟ್ಟಿಗೆಗಳನ್ನಿಟ್ಟ ಮೇಲೆ, ಹುಳಗಳು ಹಾರಿ ಹೊಸ ಜಾಗವನ್ನು ಗುರುತು ಮಾಡಿಕೊಳ್ಳುವವರೆಗೂ ಕಾಫಿಗೆ ಏಳಲಿಲ್ಲ. ಹೊರಡುವಾಗ ಸುಂದರೇಶರಿಗೆ ಹೇಳಿದರು: “ನೋಡಾನ, ಮಳೆಗಾಲದಲ್ಲಿ ಸಕ್ಕರೆ ನೀರು ಇಡೋದು ಮರೀಬೇಡಿ. ಅವು ಬಾಯಿಬಿಟ್ಟು ಕೇಳಲ್ಲ.”

ಕಳೆದುಕೊಳ್ಳುವ ಗಳಿಗೆಯಲ್ಲಿ ನಾವು ಬಹುತೇಕರು ನಮ್ಮ ಅವಮಾನವನ್ನು ಎಣಿಸುತ್ತೇವೆ. ಯಾರು ನೋಡಿದರು, ಯಾರು ನಕ್ಕರು ಎಂದು. ತಮ್ಮ ವಶದಲ್ಲಿದ್ದ ಜೀವಗಳ ಉಸಿರನ್ನು ಮೊದಲು ವಿಚಾರಿಸುವ ಜನ ಬೇರೆಯೇ ಇದ್ದಾರೆ. ಅವರು ಗೆದ್ದರೆಂದು ಹೇಳಲಾರೆ. ಅವರಿಂದ ಕಿತ್ತುಕೊಳ್ಳುವುದು ಲೋಕಕ್ಕೆ ಬಲು ಸುಲಭ. ಆದರೆ ಕೈಬಿಟ್ಟು ಹೋದದ್ದರ ಮೇಲೂ ಅವರ ಕಾಳಜಿಯ ಹಕ್ಕು ಉಳಿದೇ ಇರುತ್ತದೆ. ಅದನ್ನು ಜಪ್ತಿ ಮಾಡಲು ಯಾರಿಗೂ ಆಗುವುದಿಲ್ಲ.