ಗೂಬೆರಾಣಿಯ ಮರಿಗಳು

ಆ ಹಳೆಯ ಕಾರ್ಟೂನ್ ಸಿನಿಮಾದಲ್ಲಿ ಗೂಬೆರಾಣಿಗೆ ದನಿ ಕೊಟ್ಟು ಹಾಡಿದವರು ಒಬ್ಬ ಸಂಗೀತದ ಟೀಚರ್. ಸಿನಿಮಾ ಬಂದ ವರ್ಷ ಅವರ ದನಿ ಕೇಳಿದರೆ ಸಾಕು, ಮಕ್ಕಳು ಅಮ್ಮಂದಿರ ಬೆನ್ನ ಹಿಂದೆ ಅಡಗುತ್ತಿದ್ದರು. ತರಕಾರಿಯವನಂತೂ "ಸೂರ್ಯನ್ನ ನುಂಗಿದೋರು ಬಂದ್ರು, ದಾರಿ ಬಿಡಿ" ಎಂದು ರೇಗಿಸುತ್ತಿದ್ದ.

ಈಗ ಅವರು ಅಜ್ಜಿ. ಊರಿನ ಹಳೆಯ ಚಿತ್ರಮಂದಿರದಲ್ಲಿ ಆ ಸಿನಿಮಾ ಮತ್ತೆ ಹಾಕಿದ್ದಾರೆಂದು ತಿಳಿದು ಮೊಮ್ಮಗಳನ್ನು ಕರೆದುಕೊಂಡು ಹೊರಟರು. ಸೊಸೆಗೆ ಅಷ್ಟು ಮನಸ್ಸಿರಲಿಲ್ಲ.

"ಅತ್ತೆ, ಅದರಲ್ಲಿ ಊರಿಗೆ ಊರೇ ಸೇರಿ ಆ ಗೂಬೆರಾಣೀನ ಕರಿಮೋರೆ ಅಂತ ಹಾಡಿ ಅಟ್ಟುತ್ತೆ. ಇವಳು ಅದನ್ನೇ ಕಲಿತು ಬಂದ್ರೆ?"

"ನನ್ನ ಮಗನೂ ಅದನ್ನೇ ಹಾಡ್ಕೊಂಡು ಬೆಳೆದ. ಕೆಟ್ಟುಹೋದ್ನಾ?"

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ," ಎನ್ನುತ್ತಲೇ ಸೊಸೆಯೂ ಚಪ್ಪಲಿ ಮೆಟ್ಟಿದಳು.

ಪರದೆಯ ಮೇಲೆ ಗಂಟೆಗೋಪುರದ ಊರು ಬಂತು. ಇನ್ನು ಬೆಳಕೇ ಹರಿಯಗೊಡೆನೆಂದು ಗೂಬೆರಾಣಿ ಹಾಡಿದಳು. ಅಜ್ಜಿಯ ಮೈ ಜುಮ್ಮೆಂದಿತು. ಇಷ್ಟು ಎಳೆಯ ಗಂಟಲೇ ತನ್ನದು! ಊರವರು ದೀಪ ಹಿಡಿದು ಅವಳನ್ನು ಅಟ್ಟುವ ಹಾಡು ಶುರುವಾದಾಗ ಹಿಂದಿನ ಸಾಲುಗಳ ನರೆಗೂದಲಿನವರೆಲ್ಲ ಚಪ್ಪಾಳೆ ತಟ್ಟಿ ದನಿಗೂಡಿಸಿದರು. ಮುಂದೆ ಕೂತ ಮಕ್ಕಳು ಮಾತ್ರ ಹಾಡಲಿಲ್ಲ. ಇವರಿಗೇನಾಯಿತು ಎಂಬಂತೆ ತಿರುಗಿ ತಿರುಗಿ ನೋಡಿದರು.

ಬಸ್ ಕಾಯುವಾಗ ಮೊಮ್ಮಗಳು ಕೇಳಿದಳು, "ಅಜ್ಜಿ, ಆಮೇಲೆ ಅವಳ ಮರಿಗಳಿಗೆ ನಿದ್ದೆ ಬಂತಾ?"

"ಯಾವ ಮರಿಗಳೇ?"

"ನೀನೇ ಹಾಡಿದ್ಯಲ್ಲ! ಹಗಲೆಲ್ಲ ಗಂಟೆ ಬಡೀತಾರೆ, ನನ್ನ ಮರಿಗಳು ಕಣ್ಣು ಮುಚ್ಚಲ್ಲ ಅಂತ."

ಅಜ್ಜಿ ಮನಸ್ಸಿನಲ್ಲೇ ಹಾಡನ್ನು ಮೊದಲಿನಿಂದ ಹಾಡಿಕೊಂಡರು. ಹೌದು, ಎರಡನೇ ಚರಣದಲ್ಲಿ ಆ ಸಾಲಿತ್ತು. ಕೇಳಿದವರ ಎದೆ ನಡುಗಬೇಕು ಎಂದಿದ್ದರು ನಿರ್ದೇಶಕರು. ಅಜ್ಜಿ ಆ ಸಾಲನ್ನೂ ನಡುಗಿಸುವಂತೆಯೇ ಹಾಡಿದ್ದರು, ಅದರಲ್ಲೇನಿದೆ ಎಂದು ನೋಡಿರಲೇ ಇಲ್ಲ.

"ಅಂದ್ರೆ ಗೂಬೆ ಮೇಲೇ ಗೂಬೆ ಕೂರಿಸಿದ್ರು ಅನ್ನಿ," ಎಂದು ಸೊಸೆ ನಕ್ಕಳು.

ಅಜ್ಜಿಗೂ ನಗು ತಡೆಯಲಾಗಲಿಲ್ಲ. "ಅವಳನ್ನ ಕಂಡು ನಿಂಗೆ ಭಯ ಆಗ್ಲಿಲ್ವೇನೇ ಪುಟ್ಟಿ?"

"ಆಯ್ತು. ಆದ್ರೆ ನಿದ್ದೆ ಕೆಟ್ರೆ ಅಮ್ಮನೂ ಹಾಗೇ ಕೂಗ್ತಾಳಲ್ಲ."

ಸೊಸೆಯ ನಗು ಅಲ್ಲಿಗೇ ನಿಂತಿತು.

ಮನೆಗೆ ಬಂದು ಅಜ್ಜಿ ಆ ಸಾಲನ್ನು ಮೆಲ್ಲಗೆ, ಜೋಗುಳದಂತೆ ಹಾಡಿ ನೋಡಿದರು. ಒಪ್ಪಲಿಲ್ಲ. ಅದು ಸಿಟ್ಟಿನ ಹಾಡೇ. ಸಿಟ್ಟಿನಿಂದಲೇ ಹಾಡಿದರು, ಈ ಸಲ ಮರಿಗಳನ್ನು ನೆನೆದುಕೊಂಡು. ಪಕ್ಕದ ಕೋಣೆಯಿಂದ ಸೊಸೆ, "ಅತ್ತೆ, ಅದನ್ನ ಇನ್ನೊಂದ್ಸಲ ಹಾಡಿ," ಎಂದಳು.

ಶನಿವಾರ ಅಜ್ಜಿ ಒಬ್ಬರೇ ಮತ್ತೆ ಹೋದರು. ಮಕ್ಕಳಿಗಿಂತ ಮುಂದಿನ ಸಾಲಿನಲ್ಲಿ, ಪರದೆಗೆ ಬೆನ್ನು ಹಾಕಿ ಕೂತರು. ಟಾರ್ಚ್ ಹಿಡಿದವನು ಬಗ್ಗಿ, "ಅಮ್ಮಾ, ಸಿನಿಮಾ ಆ ಕಡೆ," ಎಂದ.

"ಗೊತ್ತಪ್ಪ. ನಾನು ನೋಡ್ಬೇಕಾಗಿರೋದು ಈ ಕಡೆ ಇದೆ."

ಎರಡನೇ ಚರಣ ಬಂತು. ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡ. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಏನಿರಬಹುದೆಂದು ಅಜ್ಜಿ ಸೀಟಿನ ಮೇಲಿಂದ ಬಾಗಿ ಕಿವಿಗೊಟ್ಟರು.